ನಿದ್ದೆ ಬರುವ ಗಳಿಗೆ

ಜುಲೈ ೧, ಮಂಗಳವಾರ

ಕಾಲೇಜಿಗೆ ಸೇರಿಕೊಂಡು ಬಂದೆ. ಮನೆಯಲ್ಲಿ ಯಾರೂ ನಂಬಲಿಲ್ಲ. ನಂಬದವರಿಗೆಲ್ಲ ನಾನೇ ಕೈಯಾರೆ ಟೀ ಮಾಡಿಕೊಟ್ಟೆ. ಅದನ್ನೂ ನಂಬಲಿಲ್ಲ.

ಇದಕ್ಕೆಲ್ಲ ಮೂಲ ಮೊಮ್ಮಗಳು. ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಹೋದ ತಿಂಗಳು ಊಟಕ್ಕೆ ಕೂತಾಗ, “ಅಜ್ಜಿ, ನಮ್ಮ ಕಾಲೇಜಲ್ಲಿ ವಯಸ್ಸಾದವರಿಗೂ ಸೀಟು ಕೊಡ್ತಾರೆ. ಆದ್ರೆ ನಿಮ್ಮ ಕೈಲಿ ಆಗಲ್ಲ ಬಿಡಿ,” ಅಂದಳು.

“ಯಾಕೆ ಆಗಲ್ಲ? ಹೈಸ್ಕೂಲು ಒಂದೇ ಏಟಿಗೆ ಪಾಸು ಮಾಡಿದೋಳು ನಾನು.”

“ಓದೋಕೆ ಆಗುತ್ತೆ ಅಜ್ಜಿ. ಆದ್ರೆ ಅಲ್ಲಿ ನೀವು ಬಂದ್ರೆ ಯಾರೂ ಎದ್ದು ನಿಲ್ಲಲ್ಲ.”

ಮಗನಿಗೆ ತುತ್ತು ನೆತ್ತಿಗೆ ಹತ್ತಿತು. ಸೊಸೆ ನೀರು ತರುವ ನೆಪದಲ್ಲಿ ಒಳಗೆ ಹೋಗಿ ನಕ್ಕು ಬಂದಳು. ಮುಖ ತೊಳೆದುಕೊಂಡು ಬಂದಿದ್ದರೂ ನನಗೆ ತಿಳಿಯದೆ ಇರುತ್ತದೆಯೆ?

ಕಾಲೇಜಿನ ಏರ್ಪಾಡು ಹೀಗಿದೆ. ನನ್ನಂತೆ ಹೈಸ್ಕೂಲಿಗೇ ಓದು ನಿಲ್ಲಿಸಿದವರು ನೇರ ಡಿಗ್ರಿಗೆ ಸೇರುವಂತಿಲ್ಲ. ಮೊದಲು ಒಂದು ಅವಧಿ ಟ್ಯುಟೋರಿಯಲ್ ಮಾಡಬೇಕು. ತರಗತಿಯಿಲ್ಲ, ಬೆಂಚಿಲ್ಲ, ಗಂಟೆಯಿಲ್ಲ. ಒಬ್ಬ ವಿದ್ಯಾರ್ಥಿ, ಒಬ್ಬ ಮೇಡಂ, ಅಷ್ಟೆ. ಪ್ರಶ್ನೆ ಹುಡುಕಬೇಕಾದವರು ವಿದ್ಯಾರ್ಥಿ, ಓದಬೇಕಾದವರು ವಿದ್ಯಾರ್ಥಿ, ಬಂದು ಮಾತು ನಡೆಸಬೇಕಾದವರೂ ವಿದ್ಯಾರ್ಥಿಯೇ. ಕೊನೆಗೆ ಕೆಲಸ ಹೇಗಾಯಿತೆಂದು ಮೊದಲು ಹೇಳಬೇಕಾದವರೂ ಅವರೇ. ಮೂರು ಸಲ ತಯಾರಿಲ್ಲದೆ ಹೋದರೆ ಟ್ಯುಟೋರಿಯಲ್ ಮುಚ್ಚಿತು, ಡಿಗ್ರಿಯ ಸೀಟೂ ಹೋಯಿತು.

“ಎಲ್ಲಾ ನಾನೇ ಮಾಡೋದಾದ್ರೆ ನೀವೇನು ಮಾಡ್ತೀರಿ?” ಎಂದು ಮೇಡಂ ಅವರನ್ನು ಕೇಳಿದೆ. ನನ್ನ ಮಗನಿಗಿಂತ ಚಿಕ್ಕವರು.

“ಕೇಳಿಸ್ಕೋತೀನಮ್ಮ,” ಅಂದರು.

ಕೇಳಿಸಿಕೊಳ್ಳುವುದಕ್ಕೂ ಸಂಬಳ ಕೊಡುವ ಕಾಲ ಬಂತು.

ಜುಲೈ ೧೦, ಗುರುವಾರ

ಮೊದಲ ಭೇಟಿ. ಹೊಸ ಸೀರೆಯುಟ್ಟು, ಸಮಯಕ್ಕೆ ಮುಂಚೆಯೇ ಹೋದೆ. ಮೇಲಿನ ಅಂತಸ್ತಿನ ಕೊನೆಯ ಕೋಣೆ. ಮೇಡಂ ನಮಸ್ಕಾರ ಮಾಡಿ ಕುರ್ಚಿ ತೋರಿಸಿದರು. ಕೂತೆ. ಅವರೂ ಕೂತರು. ನಾನು ಕಾದೆ. ಅವರೂ ಕಾದರು.

ಗುರುಗಳು ಬಾಯಿ ತೆರೆಯುವ ಮೊದಲು ಶಿಷ್ಯರು ಬಾಯಿ ತೆರೆಯಬಾರದೆಂದು ನಮಗೆ ಕಲಿಸಿದ್ದು. ವಯಸ್ಸಿನಲ್ಲಿ ಚಿಕ್ಕವರಾದರೇನು, ಸ್ಥಾನ ಸ್ಥಾನವೇ. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತೆ. ಕಿಟಕಿಯಾಚೆ ಸಣ್ಣೆಲೆಯ ಮರವೊಂದಿದೆ. ಅದರ ನೆರಳು ಗೋಡೆಯ ಮೇಲೆ ಆಡುತ್ತಿತ್ತು. ನಮ್ಮ ಹಾಸಿಗೆ ಅಂಗಡಿಯಲ್ಲಿ ಹತ್ತಿ ಹಿಂಜುವಾಗ ಅರಳೆ ಎದ್ದು ಬಿಸಿಲಿನಲ್ಲಿ ತೇಲುತ್ತದಲ್ಲ, ಹಾಗೆ. ಫ್ಯಾನು ಮೇಲಿನಿಂದ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಪುಸ್ತಕಗಳ ಬೆನ್ನಿನ ಅಕ್ಷರಗಳು ಒಂದರೊಳಗೊಂದು ಸೇರಿಕೊಂಡವು. ಗೋಡೆಯ ನೆರಳು ಮೇಜಿನ ತನಕ ಬಂದದ್ದು ಯಾವಾಗ ಎಂದು ಗೊತ್ತಾಗಲಿಲ್ಲ.

ಮೇಡಂ ಎದ್ದರು. “ಸಮಯ ಆಯ್ತಮ್ಮ. ಇದೊಂದು ಭೇಟಿ ಆ ಮೂರರ ಲೆಕ್ಕಕ್ಕೆ ಹೋಯ್ತು.”

ಮನೆಗೆ ಬಂದು ಹೇಳಿದರೆ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಅಜ್ಜಿ, ಮಾತು ಶುರು ಮಾಡ್ಬೇಕಾದೋರು ನೀವು! ಇಬ್ಬರೂ ಮದುವೆ ಹೆಣ್ಣಿನ ಹಾಗೆ ಕೂತಿದ್ರಾ?”

ನಗುವಂಥದ್ದೇನೂ ಇಲ್ಲ ಇದರಲ್ಲಿ.

ಜುಲೈ ೨೪, ಗುರುವಾರ

ಈ ಸಲ ಪೂರ್ತಿ ತಯಾರಿಯಾಗಿಯೇ ಹೋದೆ. ‘ಹಾಸಿಗೆಯ ಚರಿತ್ರೆ’ ಎಂದು ವಿಷಯ ಆರಿಸಿದ್ದೆ. ಮೂರು ತಲೆಮಾರಿನಿಂದ ಹಾಸಿಗೆ, ದಿಂಬು ಹೊಲಿಸಿ ಮಾರುವ ಮನೆ ನಮ್ಮದು. ನಮಗಿಂತ ಬಲ್ಲವರು ಯಾರು? ಮೊಮ್ಮಗಳಿಗೆ ಪುಸ್ತಕ ಓದಲು ಹೇಳಿದೆ, ಸೊಸೆಗೆ ಬರೆಯಲು ಹೇಳಿದೆ, ಮಗ ಟೈಪು ಮಾಡಿದ. ಕೆಲಸ ಚೊಕ್ಕವಾಗಿತ್ತು. ನಾನೇ ಮುಂದಾಗಿ ಮಾತು ಶುರು ಮಾಡಿದೆ, ಓದಿ ಮುಗಿಸಿದೆ.

ಮೇಡಂ ಕೇಳಿದರು, “ಇದನ್ನ ಯಾರು ಓದಿ ಬರೆದ್ರು?”

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಹೇಳಿದೆ.

“ನೀವೇನು ಮಾಡಿದ್ರಿ?”

“ಮಾಡಿಸಿದೆ.”

ಅವರು ನಗಲಿಲ್ಲ. “ಅಮ್ಮ, ಇದು ಮಾಡಿಸೋ ಕೆಲಸ ಅಲ್ಲ. ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಗೊತ್ತಿಲ್ಲದ್ದು ತನ್ನಿ.”

“ನನಗೆ ಗೊತ್ತಿಲ್ಲದ್ದನ್ನ ನಾನು ಹೇಗೆ ತರ್ಲಿ?”

“ಅದೇ ನಿಮ್ಮ ಜವಾಬ್ದಾರಿ,” ಅಂದರು. ಎರಡನೆಯ ಭೇಟಿಯೂ ಲೆಕ್ಕಕ್ಕೆ ಹೋಯಿತು. ಉಳಿದದ್ದು ಒಂದೇ ಅವಕಾಶ.

ಬಾಗಿಲ ತನಕ ಬಂದವರು ಇನ್ನೊಂದು ಮಾತು ಸೇರಿಸಿದರು. “ಅವತ್ತು ಮೊದಲ ದಿನ ನೀವು ಸ್ವಲ್ಪ ಹೊತ್ತು ನಿದ್ದೆ ಹೋಗಿದ್ರಿ. ಸುಸ್ತಾಗಿದ್ರೆ ಭೇಟಿಯನ್ನ ಬೆಳಗ್ಗೆಗೆ ಇಟ್ಕೊಳ್ಳೋಣ.”

ನಾನು! ಹಗಲು ಹೊತ್ತು! ಹಗಲು ಮಲಗುವುದು ನಮ್ಮ ಮನೆಯಲ್ಲಿ ನಿಷಿದ್ಧ. ಹಾಸಿಗೆ ಮಾರುವವರೇ ಹಾಸಿಗೆಯ ಮೇಲೆ ಬಿದ್ದುಕೊಂಡರೆ ಗಿರಾಕಿ ಎಲ್ಲಿ ಕೂರಬೇಕು? “ನಾನು ಮಲಗಿರಲಿಲ್ಲ,” ಎಂದೆ.

“ಸರಿ ಅಮ್ಮ,” ಅಂದರು, ಮಕ್ಕಳಿಗೆ ಹೇಳುವ ಹಾಗೆ.

ಜುಲೈ ೨೭, ಭಾನುವಾರ

ಮಲಗಿದ್ದೆನೆ? ಗೋಡೆಯ ಮೇಲಿದ್ದ ನೆರಳು ಮೇಜಿಗೆ ಬಂದದ್ದು ನನಗೆ ಕಾಣಲಿಲ್ಲ. ಗೋಡೆಗೂ ಮೇಜಿಗೂ ನಡುವೆ ನಾನು ಎಲ್ಲಿದ್ದೆ?

ನನ್ನ ಅಪ್ಪಣೆಯಿಲ್ಲದೆ ಈ ಮನೆಯಲ್ಲಿ ಒಂದು ದಿಂಬು ಹೊರಗೆ ಹೋಗುವುದಿಲ್ಲ. ನಾನೇ ಹೊರಗೆ ಹೋಗಿ ಬಂದಿದ್ದೇನೆ, ನನಗೇ ಗೊತ್ತಿಲ್ಲ.

ಆಗಸ್ಟ್ ೭, ಗುರುವಾರ

ಇಂದು ಕೂತ ತಕ್ಷಣ ಹೇಳಿದೆ. “ನಿದ್ದೆ ಬರೋ ಗಳಿಗೆ ಯಾವುದು? ಎಚ್ಚರ ಇರೋದು ಗೊತ್ತಾಗುತ್ತೆ, ಎದ್ದದ್ದು ಗೊತ್ತಾಗುತ್ತೆ. ನಡುವೆ ಬಾಗಿಲು ದಾಟಿದ್ದು ಮಾತ್ರ ಯಾಕೆ ಗೊತ್ತಾಗಲ್ಲ? ಇದು ನನಗೆ ಗೊತ್ತಿಲ್ಲ.”

ಕೊನೆಯ ಮೂರು ಪದ ಈ ಬಾಯಿಂದ ಹಿಂದೆಂದೂ ಬಂದವಲ್ಲ. ಹೇಗೋ ಹೊರಗೆ ಬಂದವು.

ಮೇಡಂ ಪೆನ್ನು ಕೆಳಗಿಟ್ಟರು. “ನನಗೂ ಗೊತ್ತಿಲ್ಲಮ್ಮ. ಹೇಗೆ ಹುಡುಕ್ತೀರಿ?” ಅಂದರು.

ಮೂರು ಪುಸ್ತಕಗಳನ್ನು ಗ್ರಂಥಾಲಯದಿಂದ ನಾನೇ ಹುಡುಕಿ ತಂದೆ. ಅಲ್ಲಿನ ಹುಡುಗಿ ತಂದುಕೊಡುತ್ತೇನೆಂದಳು. ಬೇಡವೆಂದೆ. ಕಪಾಟಿನ ಸಾಲುಗಳ ನಡುವೆ ನಡೆಯುವುದು ಚೆನ್ನಾಗಿದೆ. ಸದ್ದಿಲ್ಲ. ಹತ್ತಿಯ ಗೋದಾಮಿನಲ್ಲೂ ಹೀಗೆಯೇ, ಮಾತಾಡಿದರೆ ಮಾತು ಮೆತ್ತಗೆ ಒಳಗೆ ಹೋಗಿ ಅಲ್ಲೇ ಉಳಿಯುತ್ತದೆ.

ಆಗಸ್ಟ್ ೧೭, ಭಾನುವಾರ

ಪುಸ್ತಕಗಳನ್ನು ಓದಿದೆ. ಅರ್ಧ ಅರ್ಥವಾಗಿದೆ, ಅರ್ಧ ಆಗಿಲ್ಲ. ಆಗದ್ದನ್ನೂ ಬರೆದುಕೊಂಡಿದ್ದೇನೆ. ಇನ್ನು ಕಣ್ಣಾರೆ ನೋಡಬೇಕು. ತನ್ನನ್ನು ತಾನು ನೋಡಿಕೊಳ್ಳಲಾಗದು, ಆದ್ದರಿಂದ ಬೇರೆಯವರನ್ನು.

ಬೆಳಗ್ಗೆಯೇ ಹೇಳಿಬಿಟ್ಟೆ. “ಇವತ್ತಿನಿಂದ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಕೆಲಸದ ಕೋಣೆಯಲ್ಲಿ ಮಲಗಬೇಕು. ನಾನು ನೋಡಬೇಕು.”

ಮಗ ತನ್ನ ಕಿವಿಯನ್ನೇ ನಂಬಲಿಲ್ಲ. “ಹಗಲು ಹೊತ್ತಿನಲ್ಲಾ ಅಮ್ಮ?”

“ಹೇಳಿದಷ್ಟು ಮಾಡು.”

ಮೊಮ್ಮಗಳು, “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮನೇಲಿ ಇಷ್ಟು ಹಾಸಿಗೆ ಇದ್ದೂ ಇವತ್ತೇ ಚಾಚೋಕೆ ಸಿಕ್ಕಿದ್ದು,” ಅಂದಳು.

ಮೂರು ಹಾಸಿಗೆ ಸಾಲಾಗಿ ಹಾಕಿಸಿದೆ. ನಾನು ಎದುರಿಗೆ ಸ್ಟೂಲಿನ ಮೇಲೆ ಕೂತೆ. ಅದ್ಭುತ! ನಾನು ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮೂವರಿಗೂ ನಿದ್ದೆ. ಮೂವರೂ ಅಂಗಾತ, ಕೈ ನೇರ, ಕಾಲು ಜೋಡಿಸಿ. ನಿದ್ದೆ ಮಾಡುವುದರಲ್ಲೂ ನಮ್ಮ ಮನೆಯವರಿಗೆ ಶಿಸ್ತಿದೆ. ಮೊಮ್ಮಗಳ ತುಟಿ ಮೊದಲು ಕೊಂಚ ತೆರೆದುಕೊಳ್ಳುತ್ತದೆ. ಆ ಗಳಿಗೆಯೇ ಇರಬೇಕು. ಮಗನ ಉಸಿರು ದೊಡ್ಡದಾಗುತ್ತದೆ. ಸೊಸೆಯ ಕೈಬೆರಳುಗಳು ಸಡಿಲವಾಗುತ್ತವೆ.

ಸೊಸೆಯ ಕಿವಿಯ ಕೆಳಗೆ ಒಂದು ಮಚ್ಚೆಯಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನೋಡಿರಲಿಲ್ಲ. ಬೈತಲೆಯ ಬಳಿ ಕೂದಲು ಬೆಳ್ಳಗಾಗಿದೆ. ಯಾವಾಗ ಆಯಿತೋ. ಮೊದಲು ಅರಳೆಯ ಎಳೆ ಅಂದುಕೊಂಡು ತೆಗೆಯಲು ಕೈ ಮುಂದೆ ಮಾಡಿದ್ದೆ.

ಸೆಪ್ಟೆಂಬರ್ ೪, ಗುರುವಾರ

ಮೇಡಂ ಬರೆದದ್ದನ್ನೆಲ್ಲ ಓದಿ, “ಅವರನ್ನ ಕೇಳಿದ್ರಾ, ನೋಡ್ಬಹುದಾ ಅಂತ?” ಅಂದರು.

“ಮಲಗಿ ಅಂದೆ. ಮಲಗಿದ್ರು. ಕೇಳೋದೇನು ಬಂತು?”

ಅವರು ಹಾಳೆಗಳನ್ನು ನನ್ನ ಕಡೆ ಸರಿಸಿದರು. “ಯೋಚನೆ ಮಾಡಿ,” ಅಂದರು. ಯೋಚನೆ ಮಾಡಲು ಏನಿದೆಯೋ.

ಸೆಪ್ಟೆಂಬರ್ ೧೪, ಭಾನುವಾರ

ಇಂದು ನನ್ನನ್ನೇ ಪರೀಕ್ಷಿಸಿದೆ. ಬೀಗದ ಕೈ ಗೊಂಚಲು ಹಿಡಿದು ಆರಾಮ ಕುರ್ಚಿಯಲ್ಲಿ ಕೂತೆ, ಕೆಳಗೆ ಹಿತ್ತಾಳೆ ತಟ್ಟೆ ಇಟ್ಟೆ. ನಿದ್ದೆ ಬಂದರೆ ಕೈ ಸಡಿಲಾಗಿ ಗೊಂಚಲು ತಟ್ಟೆಗೆ ಬೀಳುತ್ತದೆ, ಆ ಸದ್ದಿಗೆ ಎಚ್ಚರವಾಗುತ್ತದೆ, ಗಳಿಗೆ ಸಿಕ್ಕಿಬೀಳುತ್ತದೆ. ಕಳ್ಳನಿಗೆ ಬಲೆ ಹಾಕಿದ ಹಾಗೆ.

ಎಚ್ಚರವಾದಾಗ ದೀಪ ಹಚ್ಚುವ ಹೊತ್ತು. ಗೊಂಚಲು ಗೋಡೆಯ ಮೊಳೆಗೆ ತೂಗುಹಾಕಿತ್ತು. “ಗಿರಾಕಿ ಬಂದಿದ್ರು ಅತ್ತೆ. ಕೋಣೆ ತೆಗೆದು ರಜಾಯಿ ಕೊಟ್ಟು ಕಳಿಸ್ದೆ. ನಿಮ್ಮನ್ನ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ,” ಎಂದಳು ಸೊಸೆ. ಬೈಯಬೇಕೆಂದಿದ್ದೆ. ಕಂಡ ಕನಸನ್ನು ಬರೆದುಕೊಳ್ಳುವ ಅವಸರದಲ್ಲಿ ಮರೆತೆ.

ಕನಸಿನಲ್ಲಿ ನಾವು ಹೊಲಿಸಿದ ಹಾಸಿಗೆಗಳೆಲ್ಲ ಮನೆಮನೆಗಳಿಂದ ಎದ್ದು ಬೀದಿಯ ಮೇಲೆ ತೇಲಿ ಬರುತ್ತಿದ್ದವು. ಪ್ರತಿಯೊಂದರ ಮೇಲೂ ಯಾರೋ ಒಬ್ಬರು. ಚಾದರದ ಅಂಚು ಗಾಳಿಗೆ ಆಡುತ್ತಿತ್ತು. ನಾನು ಮೆಟ್ಟಿಲ ಮೇಲೆ ನಿಂತು, ಯಾರು ಯಾರೆಂದು ಕೂಗಿ ಕೇಳಬೇಕೆಂದಿದ್ದೆ. ಬಾಯಿ ತುಂಬ ಅರಳೆ. ಅವರು ತೇಲುತ್ತ ಹೋದರು, ಯಾರೂ ನನ್ನ ಕಡೆ ತಿರುಗಲಿಲ್ಲ. ಹೆದರಿಕೆಯಾಗಲಿಲ್ಲ. ಹಾಯೆನಿಸಿತು.

ಸೆಪ್ಟೆಂಬರ್ ೧೬, ಮಂಗಳವಾರ

ಬೆಳಗ್ಗೆ ಎಲ್ಲರೂ ತಡವಾಗಿ ಎದ್ದರು. ನಾನು ಎಬ್ಬಿಸಲಿಲ್ಲವಂತೆ. ಕಿಟಕಿಯ ಬಳಿ ಟೀ ಹಿಡಿದುಕೊಂಡು ಮಂಜು ನೋಡುತ್ತಿದ್ದೆ. ಹೊತ್ತು ಹೋದದ್ದು ತಿಳಿಯಲಿಲ್ಲ. “ಅಜ್ಜಿಗೆ ಹುಷಾರಿಲ್ವಾ?” ಎಂದು ಮೊಮ್ಮಗಳು ತಾಯಿಯನ್ನು ಕೇಳುತ್ತಿದ್ದಳು. ನನಗೇನಾಗಿದೆ? ಗಟ್ಟಿಮುಟ್ಟಾಗಿದ್ದೇನೆ.

ಅಕ್ಟೋಬರ್ ೫, ಭಾನುವಾರ

ಗುರುವಾರ ಕೊನೆಯ ಭೇಟಿ. ಬರೆದದ್ದನ್ನು ಪೂರ್ತಿ ಓದಿ ಹೇಳಬೇಕು. ಕೇಳಲು ಒಬ್ಬರನ್ನು ವಿದ್ಯಾರ್ಥಿಯೇ ಕರೆದುಕೊಂಡು ಬರಬೇಕಂತೆ. ಮಗ ಬಂದರೆ ಆಕಳಿಸುತ್ತಾನೆ, ಮೊಮ್ಮಗಳು ಬಂದರೆ ನಡುವೆ ಬಾಯಿ ಹಾಕುತ್ತಾಳೆ. ಸೊಸೆಗೆ ಹೇಳಿದ್ದೇನೆ. ಅವಳು ಸುಮ್ಮನೆ ಕೂರುತ್ತಾಳೆ.

ಕೆಲಸ ಗಟ್ಟಿಯಾಗಿದೆ. ಡಿಗ್ರಿಗೆ ಸೇರಿದ ಮೇಲೆ ಬೆಳಗಿನ ತರಗತಿಗಳನ್ನೇ ಆರಿಸಿಕೊಳ್ಳುವೆ. ಆ ಮರದ ಕಿಟಕಿ ಇರುವ ಸಾಲಿನಲ್ಲೇ.

ಅಕ್ಟೋಬರ್ ೯, ಗುರುವಾರ

ಓದಿದೆ. ದನಿ ಎಲ್ಲೂ ನಡುಗಲಿಲ್ಲ. ತೆರೆದ ತುಟಿ, ದೊಡ್ಡದಾಗುವ ಉಸಿರು, ಸಡಿಲವಾಗುವ ಬೆರಳು, ಎಲ್ಲವನ್ನೂ ಹೇಳಿದೆ. ‘ನಿದ್ದೆ ಬರುವ ಗಳಿಗೆ ಮಲಗಿದವರಿಗೆ ಕಾಣದು, ಎದುರಿಗೆ ಕೂತವರಿಗೆ ಕಾಣುತ್ತದೆ’ ಎಂದು ಮುಗಿಸಿದೆ.

ಮೇಡಂ ಸೊಸೆಯ ಕಡೆ ತಿರುಗಿದರು. “ನೀವೇನಂತೀರಿ?”

ಸೊಸೆ ನನ್ನ ಮುಖ ನೋಡಿದಳು, ನೆಲ ನೋಡಿದಳು. ಮೇಡಂ ಸುಮ್ಮನೆ ಕಾದರು. ಅವರ ಕಾಯುವಿಕೆಯ ರುಚಿ ನನಗೆ ಗೊತ್ತು. ಅದರ ಎದುರು ಕೂತವರಿಗೆ ಬಚ್ಚಿಟ್ಟುಕೊಳ್ಳಲು ಜಾಗವಿರುವುದಿಲ್ಲ.

“ಅತ್ತೆ, ತಪ್ಪು ತಿಳ್ಕೋಬೇಡಿ,” ಎಂದಳು. “ನಾವು ಯಾರೂ ನಿದ್ದೆ ಮಾಡ್ತಿರ್ಲಿಲ್ಲ.”

ನನಗೆ ಅರ್ಥವಾಗಲಿಲ್ಲ.

“ನೀವು ಸ್ಟೂಲ್ ಹಾಕ್ಕೊಂಡು ಎದುರಿಗೆ ಕೂತ್ರೆ ಯಾರಿಗೆ ನಿದ್ದೆ ಬರುತ್ತೆ ಅತ್ತೆ? ಬರಲಿಲ್ಲ ಅಂದ್ರೆ ನಿಮ್ಮ ಓದು ಹಾಳಾಗುತ್ತೆ, ಬೈಗುಳಾನೂ ಬೀಳುತ್ತೆ. ‘ಸುಮ್ನೆ ಕಣ್ಣು ಮುಚ್ಚಿ’ ಅಂದ್ರು ನಿಮ್ಮ ಮಗ. ಆಮೇಲೆ ಅದೇ ರೂಢಿ ಆಗೋಯ್ತು. ನಿಮ್ಮ ಮೊಮ್ಮಗಳು ತುಟಿ ಬಿಡೋದನ್ನ ಮೊದಲ ಭಾನುವಾರ ಬೆಳಗ್ಗೆನೇ ಕನ್ನಡಿ ಮುಂದೆ ಕಲ್ತಳು.”

“ಬೆರಳು?”

“ನೀವು ಬೆರಳು ನೋಡ್ತಿರೋದು ರೆಪ್ಪೆ ಸಂದಿಯಿಂದ ಕಾಣ್ತು, ಸಡಿಲ ಬಿಟ್ಟೆ.”

ಫ್ಯಾನು ತಿರುಗುತ್ತಿತ್ತು. ಕಿಟಕಿಯ ಮರ ತನ್ನ ಪಾಡಿಗೆ ತಾನು ಅಲುಗುತ್ತಿತ್ತು. ಕೋಣೆಯೆಲ್ಲ ನೀರಿನೊಳಗೆ ಇಳಿದಂತಿತ್ತು. ಅವಳ ಮಾತುಗಳು ದೂರದಿಂದ, ನಿಧಾನವಾಗಿ ನನ್ನ ಕಡೆ ಬಂದವು. ಭಾನುವಾರ ಭಾನುವಾರ, ಮುಚ್ಚಿದ ರೆಪ್ಪೆಗಳ ಹಿಂದೆ ಮೂರು ಜನ ಎಚ್ಚರವಾಗಿ, ನಾನು ಸ್ಟೂಲಿನಿಂದ ಯಾವಾಗ ಏಳುತ್ತೇನೋ ಎಂದು ಕಾಯುತ್ತ ಮಲಗಿದ್ದರು.

“ಮತ್ತೆ ಇವತ್ತು ಯಾಕೆ ಹೇಳಿದೆ?”

“ಮೇಡಂ ಕೇಳಿದ್ರಲ್ಲ.”

ಮೇಡಂ ನನ್ನ ಕಡೆ ನೋಡಿದರು. “ಕೆಲಸ ಹೇಗಾಯ್ತು? ಮೊದಲು ಹೇಳ್ಬೇಕಾದೋರು ನೀವು.” ಹಾಳೆಗಳನ್ನು ಹಿಂದಕ್ಕೆ ತಿರುವಿ, “ನಿಮ್ಮ ಓದು ಚೆನ್ನಾಗಿದೆ. ಕನಸಿನ ಭಾಗ ಚೆನ್ನಾಗಿದೆ. ಕೆಲಸಾನ ಅವುಗಳ ಮೇಲೆ ನಿಲ್ಲಿಸಿ ಪಾಸಾಗ್ತೀನಿ ಅಂದ್ರೆ ನಾನು ಬೇಡ ಅನ್ನಲ್ಲ,” ಎಂದರು.

ಸೀಟು ಅಲ್ಲೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಹೂಂ ಅನ್ನಬಹುದಿತ್ತು.

ಒಳಗೆ ಜೊಳ್ಳು ತುಂಬಿ ಮೇಲೆ ಒಳ್ಳೆಯ ಬಟ್ಟೆ ಹೊಲಿದ ಹಾಸಿಗೆಯನ್ನು ನಮ್ಮ ಅಂಗಡಿಯಿಂದ ಯಾವತ್ತೂ ಕಳಿಸಿಲ್ಲ.

“ಈ ಕೆಲಸ ನಿಲ್ಲಲ್ಲ,” ಎಂದೆ. “ನಾನು ನೋಡಿದ್ದು ನಿದ್ದೆ ಅಲ್ಲ, ಹೆದರಿಕೆ. ಪಾಸು ಮಾಡ್ಬೇಡಿ.”

ಸೊಸೆ ಬೆಚ್ಚಿದಳು. “ಅತ್ತೆ, ನಾನು ಹಾಗಂತ ಹೇಳಿದ್ದಲ್ಲ...”

“ನೀನು ಹೇಳಿದ್ದು ಸರಿಯಾಗಿದೆ. ಸುಮ್ಮನಿರು.”

ಮೇಡಂ ‘ಅಪೂರ್ಣ’ ಎಂದು ಬರೆದರು. ಡಿಗ್ರಿ ಈ ವರ್ಷಕ್ಕಿಲ್ಲ. ಬೇಕಿದ್ದರೆ ಇನ್ನೊಂದು ಅವಧಿ ಮಾಡಬಹುದು. ಆದರೆ ಮೊದಲು ಪ್ರತಿಯೊಬ್ಬರನ್ನೂ ಕೇಳಬೇಕು. ಬೇಡವೆಂದರೆ ಬೇಡವೇ. ಬೇಡವೆಂದವರ ನಿದ್ದೆಯ ಬಗ್ಗೆ ಒಂದಕ್ಷರ ಬರೆಯುವಂತಿಲ್ಲ.

ನಾವಿಬ್ಬರೂ ನಡೆದೇ ಮನೆಗೆ ಬಂದೆವು. ಬೀದಿಯ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಯಾವಾಗಲೂ ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ಬರುವವಳು ಇಂದು ಪಕ್ಕದಲ್ಲೇ ಬಂದಳು. ನಾನೇ ನಿಧಾನವಾಗಿದ್ದೆನೋ ಏನೋ.

ಅಕ್ಟೋಬರ್ ೧೦, ಶುಕ್ರವಾರ

ಏನೂ ಬರೆಯಲು ಮನಸ್ಸಿಲ್ಲ.

ಅಕ್ಟೋಬರ್ ೧೨, ಭಾನುವಾರ

ಊಟಕ್ಕೆ ಕೂತಾಗ ಕೇಳಿದೆ. “ಇನ್ನೊಂದು ಅವಧಿ ಮಾಡ್ಬೇಕು ಅಂತಿದ್ದೀನಿ. ನೀವು ಮಲಗಿದಾಗ ನೋಡ್ಬಹುದಾ?”

“ನೀವು ಹೇಳಿದ ಹಾಗೆ ಅಮ್ಮ,” ಎಂದ ಮಗ.

“ನಾನು ಹೇಳ್ತಿಲ್ಲ ಕಣೋ, ಕೇಳ್ತಿದ್ದೀನಿ.”

ಅವನು ಕೈ ತೊಳೆಯುವುದನ್ನೂ ಮರೆತು ಬಹಳ ಹೊತ್ತು ಯೋಚಿಸಿದ. ಉತ್ತರ ಕೊಡುವ ಅಭ್ಯಾಸ ಅವನಿಗೆ ತಪ್ಪಿಹೋಗಿದೆ. ಕೊನೆಗೆ ಆಗಲಿ ಎಂದ. ಮೊಮ್ಮಗಳು, “ನೋಡಿ ಅಜ್ಜಿ, ಆದ್ರೆ ಗೊರಕೆ ಹೊಡೆದ್ರೆ ಬರೀಬಾರ್ದು. ನಟನೆ ಚೆನ್ನಾಗಿತ್ತು ಅಂತಾದ್ರೂ ಒಂದು ಸಾಲು ಬರೀಬೇಕು,” ಎಂದು ಚೌಕಾಸಿ ಮಾಡಿದಳು.

ಸೊಸೆ ತಟ್ಟೆಗಳನ್ನು ಎತ್ತುತ್ತಿದ್ದಳು. “ನಾನು ಬೇಡ ಅತ್ತೆ,” ಎಂದಳು.

ಈ ಮನೆಗೆ ಬಂದಂದಿನಿಂದ ಅವಳು ನನಗೆ ಹೇಳಿದ ಮೊದಲ ಬೇಡ.

“ಸರಿ,” ಎಂದೆ. ಇನ್ನೇನು ಹೇಳುವುದು? ಕೇಳಿದ್ದು ನಾನೇ ತಾನೆ.

ಮಧ್ಯಾಹ್ನ ಹಾಸಿಗೆ ಹೊಲಿಯುವ ದಬ್ಬಳ ತೆಗೆದುಕೊಳ್ಳಲು ಕೆಲಸದ ಕೋಣೆಗೆ ಹೋದೆ. ಅರ್ಧ ತುಂಬಿದ ಹಾಸಿಗೆಯ ಮೇಲೆ ಒಬ್ಬರು ಮಲಗಿದ್ದರು. ನನ್ನನ್ನು ನೋಡಿದರು. ಏಳಲಿಲ್ಲ. ಅವರು ಬೇಡವೆಂದಿದ್ದಾರೆ, ಆದ್ದರಿಂದ ಆಮೇಲೆ ಅವರ ಕಣ್ಣಿಗೆ, ಕೈಗೆ, ಉಸಿರಿಗೆ ಏನಾಯಿತೆಂದು ಬರೆಯುವುದಿಲ್ಲ. ನೋಡಲೂ ಇಲ್ಲ. ಆ ಗಳಿಗೆ ನನ್ನಿಂದ ಎರಡು ಮಾರು ದೂರದಲ್ಲಿ ಬರುತ್ತಿತ್ತೆಂದು ಗೊತ್ತಿತ್ತು. ಬೆನ್ನು ತಿರುಗಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಬಂದೆ.

ಬಾಗಿಲಿನ ಈಚೆಗೆ ಇದ್ದದ್ದನ್ನು ಬರೆಯಬಹುದು. ಬೀದಿ ಖಾಲಿಯಿತ್ತು. ಎದುರು ಮನೆಯ ತಂತಿಯ ಮೇಲೆ ಬಿಳಿ ಚಾದರವೊಂದು ಗಾಳಿ ತುಂಬಿಕೊಂಡು ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತೆ. ಗಿರಾಕಿಯೊಬ್ಬ ಬಂದು, “ಏನಮ್ಮಾ, ಎರಡು ದಿಂಬು ಬೇಕಿತ್ತಲ್ಲ!” ಎಂದು ಗಟ್ಟಿಯಾಗಿ ಕೂಗಿದ. ತುಟಿಯ ಮೇಲೆ ಬೆರಳಿಟ್ಟು, ಸಂಜೆ ಬಾ ಎಂದು ಕೈಸನ್ನೆ ಮಾಡಿದೆ. ಅವನು ತುದಿಗಾಲಲ್ಲಿ ನಡೆದುಹೋದ.